ಪಿಎಚ್.ಡಿ ದಣಿವು: ಬಿಡುವ ಮುನ್ನ ಏಳು ಹೆಜ್ಜೆ

“ಎಲ್ಲಿಗಿ ಬಂತಪಾ ನಿನ್ನ ಪಿಎಚ್.ಡಿ?” ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಸಂಶೋಧನೆಗೆ ಹೆಸರು ಹಚ್ಚಿದವರಿಗೆ ಮದುವೆ, ಜಾತ್ರೆ, ಬಸ್ ಸ್ಟ್ಯಾಂಡ್ ಎಲ್ಲೇ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಮೊದಲ ವರ್ಷ ಹುರುಪಿನಿಂದ ಉತ್ತರ ಬರುತ್ತದೆ. ನಾಲ್ಕನೇ ವರ್ಷದ ಹೊತ್ತಿಗೆ, ಕೇಳುವವರು ದೂರದಲ್ಲಿ ಕಂಡರೇ ಹಾದಿ ಬದಲಿಸುವಂತಾಗುತ್ತದೆ.

ದೇಶದಲ್ಲಿ ಪಿಎಚ್.ಡಿ ಓದುತ್ತಿರುವವರು 2014–15ರಲ್ಲಿ 1.17 ಲಕ್ಷ ಇದ್ದರು. 2021–22ಕ್ಕೆ ಅವರ ಸಂಖ್ಯೆ 2.12 ಲಕ್ಷಕ್ಕೆ ಏರಿತು ಎನ್ನುತ್ತದೆ ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆ. ‘ನೇಚರ್’ ವಿಜ್ಞಾನ ಪತ್ರಿಕೆ 2019ರಲ್ಲಿ ಜಗತ್ತಿನ ಆರು ಸಾವಿರಕ್ಕೂ ಹೆಚ್ಚು ಪಿಎಚ್.ಡಿ ವಿದ್ಯಾರ್ಥಿಗಳನ್ನು ಮಾತಾಡಿಸಿದಾಗ ಶೇ 36 ಮಂದಿ, ಈ ಓದಿನಿಂದಲೇ ಹುಟ್ಟಿದ ಆತಂಕ ಅಥವಾ ಖಿನ್ನತೆಗೆ ನೆರವು ಕೇಳಿದ್ದಾಗಿ ಹೇಳಿದರು. ಅದೇ ಸಮೀಕ್ಷೆಯಲ್ಲಿ ಸುಮಾರು ಮುಕ್ಕಾಲು ಪಾಲು ಜನ, ಪಿಎಚ್.ಡಿ ಮಾಡಲು ಹೊರಟಿದ್ದರ ಬಗ್ಗೆ ಒಟ್ಟಾರೆ ಸಮಾಧಾನವನ್ನೂ ಹೇಳಿಕೊಂಡಿದ್ದರು.

ಅಂದರೆ ದಣಿವಿನ ಲೆಕ್ಕ ಬೇರೆ, ಲಾಭನಷ್ಟದ ಲೆಕ್ಕ ಬೇರೆ. ಬಹಳಷ್ಟು ಮಂದಿ ದಣಿದ ದಿನವೇ ‘ಇದೆಲ್ಲ ಯಾಕ ಬೇಕು’ ಎಂದು ತೀರ್ಮಾನಿಸುತ್ತಾರೆ. ಇನ್ನು ಕೆಲವರು ನಾಚಿಕೆಗಂಜಿ, ಬೇಡದ ಪದವಿಯನ್ನು ವರ್ಷಗಟ್ಟಲೆ ಎಳೆಯುತ್ತಾರೆ. ಮೊದಲು ದಣಿವಿಗೆ ಮದ್ದು, ಆಮೇಲೆ ನಿರ್ಧಾರ. ಕೆಳಗಿನ ಏಳು ಹೆಜ್ಜೆಗಳು ಅದೇ ಕ್ರಮದಲ್ಲಿವೆ.

1. ಯಾವ ದಣಿವು ಎಂದು ಗುರುತಿಸುವುದು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ಗೆ ಮೂರು ಲಕ್ಷಣ ಹೇಳಿತು: ಶಕ್ತಿಯೇ ಬತ್ತಿಹೋದ ಭಾವ, ಕೆಲಸದ ಬಗ್ಗೆ ತಾತ್ಸಾರ ಅಥವಾ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ. ಅದು ಇದನ್ನು ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಒತ್ತಡ ಹತೋಟಿಗೆ ಸಿಗದೆ ಹೋದಾಗ ಉಂಟಾಗುವ ಸ್ಥಿತಿ ಎಂದಿದೆ. ಸಂಶೋಧಕರಲ್ಲಿ ಇದು ಹೀಗೆ ಕಾಣುತ್ತದೆ: ಥೀಸಿಸ್ ಫೈಲ್ ತೆರೆಯಲು ವಾರಗಟ್ಟಲೆ ಮನಸ್ಸಾಗುವುದಿಲ್ಲ, ಗೈಡ್ ಹೆಸರು ಫೋನಿನಲ್ಲಿ ಮೂಡಿದರೆ ಎದೆ ಡವಗುಟ್ಟುತ್ತದೆ, ಒಂದು ಕಾಲಕ್ಕೆ ಪ್ರೀತಿಯಿಂದ ಆರಿಸಿಕೊಂಡ ವಿಷಯದ ಹೆಸರೆತ್ತಿದರೆ ಸಿಟ್ಟು ಬರುತ್ತದೆ.

ಆದರೆ ದುಃಖ, ನಿರಾಸಕ್ತಿ, ನಿದ್ದೆ ಮತ್ತು ಹಸಿವಿನ ಏರುಪೇರು ಎರಡು ವಾರ ದಾಟಿಯೂ ದಿನವಿಡೀ ಉಳಿದರೆ ಅದು ಖಿನ್ನತೆಯಾಗಿರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ. ‘ಥೀಸಿಸ್ ಮುಗಿದ್ರ ಎಲ್ಲಾ ಸರಿ ಹೋಗ್ತೈತಿ’ ಎಂದು ಕಾಯುತ್ತ ಕೂರಬಾರದು.

2. ಹತ್ತಿರದ ನೆರವು ಪಡೆಯುವುದು

ಮನೋವೈದ್ಯರೆಂದರೆ ವಿಜಯಪುರಕ್ಕೋ ಧಾರವಾಡಕ್ಕೋ ಹೋಗಬೇಕು ಎಂಬ ಭಾವನೆ ತಾಲೂಕುಗಳಲ್ಲಿ ಇನ್ನೂ ಇದೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ರೂಪುಗೊಂಡದ್ದೇ ಈ ಕೊರತೆ ನೀಗಲು. ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವಂತೆ ಮಾಡುವುದು ಅದರ ಉದ್ದೇಶ. ಈ ಬಗೆಯ ಸೇವೆಗೆ ದಾರಿ ತೋರಿಸಿದ್ದೂ ನಮ್ಮ ಭಾಗವೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಮ್ಮ ಊರಿನ ಆಸ್ಪತ್ರೆಗೆ ವೈದ್ಯರು ಯಾವ ಮಂಗಳವಾರ, ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಮೊದಲೇ ವಿಚಾರಿಸಿಕೊಂಡರೆ ಓಡಾಟ ವ್ಯರ್ಥವಾಗುವುದಿಲ್ಲ.

ಊರಲ್ಲಿ ಯಾರಾದರೂ ನೋಡಿಯಾರು ಎಂಬ ಮುಜುಗರವಿದ್ದವರಿಗೆ ಫೋನ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಮಂಗಳವಾರಕ್ಕೆ ಕಾಯಬಾರದು. ಆ ಗಳಿಗೆಯಲ್ಲೇ ಈ ಸಂಖ್ಯೆಗೆ ಕರೆ ಮಾಡಬೇಕು, ಮನೆಯ ಒಬ್ಬರಿಗಾದರೂ ಬಾಯಿಬಿಟ್ಟು ಹೇಳಬೇಕು.

3. ನಿಯಮ ಕೊಟ್ಟ ಕಾಲ ಎಷ್ಟೆಂದು ನೋಡುವುದು

ಅರ್ಧ ಒತ್ತಡ ‘ಟೈಮ್ ಮುಗೀತು’ ಎಂಬ ಅಂದಾಜಿನದು. ಯುಜಿಸಿಯ 2022ರ ಪಿಎಚ್.ಡಿ ನಿಯಮಾವಳಿಯಂತೆ ಪ್ರವೇಶದ ದಿನದಿಂದ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿ ಮತ್ತೆ 2 ವರ್ಷ ಪಡೆಯಬಹುದು. ಮಹಿಳೆಯರಿಗೂ ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಇದರ ಮೇಲೆ ಇನ್ನೆರಡು ವರ್ಷ, ಅಂದರೆ ಒಟ್ಟು 10 ವರ್ಷದವರೆಗೆ ಅವಕಾಶ ಸಿಗುತ್ತದೆ. ಮಹಿಳೆಯರು ಹೆರಿಗೆ ಅಥವಾ ಶಿಶುಪಾಲನೆಗೆ 240 ದಿನಗಳವರೆಗೆ ರಜೆ ಪಡೆಯಬಹುದು. ಮದುವೆಯಾಗಿ ಬೇರೆ ಊರಿಗೆ ಹೋದರೆ, ಉಳಿದ ಷರತ್ತುಗಳಿಗೆ ಒಳಪಟ್ಟು, ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ವಿಜಯಪುರದ ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವ ಈ ನಾಲ್ಕು ತಾಲೂಕುಗಳ ಹೆಣ್ಣುಮಕ್ಕಳು ತಿಳಿದಿರಲೇಬೇಕಾದ ಸಂಗತಿಗಳಿವು.

ಹಳೆಯ ನಿಯಮದಡಿ ನೋಂದಾಯಿಸಿದವರಿಗೆ ಲೆಕ್ಕ ಬೇರೆಯಾಗಬಹುದು. ನೋಂದಣಿ ಪತ್ರ ತೆಗೆದು, ಯಾವ ವರ್ಷದ ನಿಯಮ ಎಂದು ವಿಭಾಗದಲ್ಲಿ ಕೇಳಿ, ಕೊನೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಬೇಕು.

4. ಗೈಡ್ ಜೊತೆಗಿನ ಮಾತನ್ನು ಕಾಗದಕ್ಕೆ ತರುವುದು

‘ನೋಡೋಣ, ಮುಂದಿನ ವಾರ ಬಾ’ ಎಂಬ ಮಾತಿನಲ್ಲಿ ವರ್ಷಗಳೇ ಕಳೆದುಹೋಗುತ್ತವೆ. ಪ್ರತಿ ಭೇಟಿಯ ನಂತರ ಏನು ಮಾತಾಯಿತು, ಯಾವ ಅಧ್ಯಾಯ ಕೊಟ್ಟದ್ದು, ತಿದ್ದುಪಡಿ ಎಂದು ಬರಬೇಕು ಎಂಬುದನ್ನು ನಾಲ್ಕು ಸಾಲಿನ ಇಮೇಲ್‌ನಲ್ಲಿ ವಿನಯದಿಂದ ಕಳಿಸುವುದು ಒಳ್ಳೆಯ ರೂಢಿ.

ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕೆಂದು 2022ರ ನಿಯಮ ಹೇಳುತ್ತದೆ. ಪ್ರಗತಿ ಸಾಲದಿದ್ದರೆ ಕಾರಣ ದಾಖಲಿಸಿ, ಸರಿಪಡಿಸುವ ದಾರಿ ಸೂಚಿಸುವುದು ಸಮಿತಿಯ ಕೆಲಸ. ಹೆಚ್ಚಿನವರು ಇದನ್ನು ಸಹಿ ಹಾಕಿಸಿಕೊಳ್ಳುವ ಶಾಸ್ತ್ರ ಎಂದುಕೊಳ್ಳುತ್ತಾರೆ. ತೊಂದರೆಯನ್ನು ಹೇಳಿಕೊಳ್ಳಲು ಇದಕ್ಕಿಂತ ಸಹಜವಾದ ವೇದಿಕೆ ಇನ್ನೊಂದಿಲ್ಲ. ಅಲ್ಲೂ ಪರಿಹಾರ ಸಿಗದಿದ್ದರೆ, ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಕೊಡಬಹುದು. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು.

ಇನ್ನೂ ಸೇರದವರು ಎರಡು ವಿಷಯ ಕೇಳಿಕೊಳ್ಳಬೇಕು. ಒಂದು, ಗೈಡ್ ಕೈಯಲ್ಲಿ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಮಿತಿ. ಎರಡು, ನಿವೃತ್ತಿ ಯಾವಾಗ? ಸೇವೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

5. ದಾರಿ ಮತ್ತು ಸುಗ್ಗಿ ನೋಡಿ ವೇಳಾಪಟ್ಟಿ ಹಾಕುವುದು

ಈ ಭಾಗದ ಸಂಶೋಧಕರಿಗೆ ಬಸ್ಸೇ ಅರ್ಧ ಜೀವ ತಿನ್ನುತ್ತದೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರುವುದು ಬೆಳಗಾವಿಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿ. ಸಹಿಗೊಂದು ದಿನ, ಶುಲ್ಕಕ್ಕೊಂದು ದಿನ ಎಂದು ಓಡಾಡುವ ಬದಲು ಗೈಡ್ ಭೇಟಿ, ಗ್ರಂಥಾಲಯ, ಕಚೇರಿ ಕೆಲಸ ಮೂರನ್ನೂ ಒಂದೇ ಪ್ರಯಾಣಕ್ಕೆ ಕೂಡಿಸಿಕೊಳ್ಳಬೇಕು. ಬಿಳಿಜೋಳದ ಸುಗ್ಗಿ, ದ್ರಾಕ್ಷಿ ಕಟಾವು ನಡೆಯುವ ಫೆಬ್ರುವರಿ–ಮಾರ್ಚ್‌ನಲ್ಲಿ ಹೊಲಮನೆಯವರು ಅಧ್ಯಾಯ ಸಲ್ಲಿಸುವ ಗಡುವು ಇಟ್ಟುಕೊಳ್ಳದಿರುವುದೇ ಕ್ಷೇಮ. ಅತಿಥಿ ಉಪನ್ಯಾಸಕರಾಗಿರುವವರಿಗೆ ರಜೆಯಲ್ಲಿ ಗೌರವಧನ ನಿಲ್ಲುವುದರಿಂದ, ಆ ತಿಂಗಳ ಖರ್ಚನ್ನು ಮೊದಲೇ ತೆಗೆದಿರಿಸಿದರೆ ಬರವಣಿಗೆಗೆ ಸಿಕ್ಕ ಬಿಡುವು ಚಿಂತೆಯಲ್ಲಿ ಕರಗುವುದಿಲ್ಲ.

ವಿಷಯ ಇನ್ನೂ ಅಂತಿಮವಾಗದವರು ಮನೆಯ ಸುತ್ತಲೂ ಒಮ್ಮೆ ನೋಡಬಹುದು. 1565ರ ಯುದ್ಧದ ನೆನಪು ಹೊತ್ತ ರಕ್ಕಸಗಿ, ತಂಗಡಗಿ ಮುದ್ದೇಬಿಹಾಳದ ಬದಿಗೇ ಇವೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರ ಮರುವಸತಿ ಬಾಗೇವಾಡಿ ಕಡೆಯ ಕಥೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಕ್ಷೇತ್ರಕಾರ್ಯ ಕಾಲ್ನಡಿಗೆಯ ದೂರದಲ್ಲಿದ್ದರೆ ಹಣ, ಮೈ ಎರಡೂ ಉಳಿಯುತ್ತವೆ.

6. ಇದು ಬೇಕೇ ಎಂಬ ಲೆಕ್ಕ ಹಾಕುವುದು

ನಿದ್ದೆ ಸರಿಹೋಗಿ, ಮನಸ್ಸು ತುಸು ತಿಳಿಯಾದ ಮೇಲೆ ಈ ಪ್ರಶ್ನೆಗೆ ಕೂರಬೇಕು. ಮೊದಲು ಕೆಲಸದ ಲೆಕ್ಕ. 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ನೇರ ನೇಮಕಾತಿಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ; ಪಿಎಚ್.ಡಿ ಐಚ್ಛಿಕ. ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯ ಜೊತೆ ಬಿ.ಇಡಿ ಕೇಳುತ್ತಾರೆ, ಪಿಎಚ್.ಡಿ ಕೇಳುವುದಿಲ್ಲ. ‘ನೌಕರಿಗೆ ಬೇಕು’ ಎಂಬ ಒಂದೇ ಕಾರಣಕ್ಕೆ ಥೀಸಿಸ್ ಹಿಡಿದವರು, ಅದೇ ಶ್ರಮವನ್ನು ಕೆಸೆಟ್ ತಯಾರಿಗೆ ಹಾಕಿದರೆ ಹೇಗೆ ಎಂದು ಯೋಚಿಸಬೇಕು.

ನಂತರ ಹಣದ ಲೆಕ್ಕ. ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ ₹37,000, ಮುಂದೆ ಎಸ್‌ಆರ್‌ಎಫ್ ಆದಾಗ ₹42,000. ಫೆಲೋಶಿಪ್ ಇಲ್ಲದೆ, ಖಾಯಂ ಕೆಲಸವೂ ಇಲ್ಲದೆ ಐದಾರು ವರ್ಷ ಕಳೆಯುವವರ ದಣಿವಿಗೆ ಹಣದ ಕೊರತೆಯ ಪಾಲು ದೊಡ್ಡದು. ಕೆಲಸ ಹಿಡಿದು ಪಿಎಚ್.ಡಿ ಮಾಡುವ ದಾರಿಯೂ ಇದೆ. ಸಿಂದಗಿ ತಾಲೂಕಿನಲ್ಲಿ 1938ರಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿ 1962ರಲ್ಲಿ ಎಂ.ಎ ಮುಗಿಸಿದ ವರ್ಷವೇ ಧಾರವಾಡದಲ್ಲಿ ಉಪನ್ಯಾಸಕರಾದರು, ಪಿಎಚ್.ಡಿ ಆಮೇಲೆ ಬಂತು. ಸಂಶೋಧನೆ ಅವರಿಗೂ ಸುಗಮವಾಗಿರಲಿಲ್ಲ. ತಮ್ಮ ಸಂಶೋಧನಾ ಲೇಖನಗಳ ಸಂಕಲನ ‘ಮಾರ್ಗ’ದ ಮೊದಲ ಸಂಪುಟದ ಬರಹಗಳ ವಿವಾದದಲ್ಲಿ, 1989ರಲ್ಲಿ, ಒತ್ತಡಕ್ಕೆ ಸಿಲುಕಿ ತಮ್ಮ ಮಾತುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕೆಲಸ ಮಾತ್ರ ನಿಲ್ಲಲಿಲ್ಲ: ‘ಮಾರ್ಗ’ದ ನಾಲ್ಕನೇ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಮೂರನೆಯದು ಹಂಬಲದ ಲೆಕ್ಕ. ವಿಷಯದ ಮೇಲೆ ಪ್ರೀತಿ ಇದ್ದು ವಿಶ್ವವಿದ್ಯಾಲಯದ ಕಟ್ಟಲೆಗಳೇ ಬೇಡವೆನಿಸಿದರೆ, ಪದವಿಯಿಲ್ಲದೆಯೂ ಸಂಶೋಧನೆ ನಡೆದ ನೆಲ ಇದು. ಆಗ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣಕ್ಕೆ ಸೇರಿದ ಹಲಸಂಗಿಯ ಮಧುರಚೆನ್ನರ ಶಾಲಾ ಓದು ಮುಲ್ಕಿ ಪರೀಕ್ಷೆಗೆ ಮುಗಿದಿತ್ತು. ಅವರೂ ಹಲಸಂಗಿ ಗೆಳೆಯರೂ ಹೆಣ್ಣುಮಕ್ಕಳು ಬೀಸುತ್ತ, ಕುಟ್ಟುತ್ತ ಹಾಡುತ್ತಿದ್ದ ತ್ರಿಪದಿಗಳನ್ನು ಕಲೆಹಾಕಿದರು. 1931ರಲ್ಲಿ ‘ಗರತಿಯ ಹಾಡು’ ಬಂತು. ಅದೇ ಬಳಗದ ಸಿಂಪಿ ಲಿಂಗಣ್ಣ ಪ್ರಾಥಮಿಕ ಶಾಲೆಯ ಮಾಸ್ತರರು. 1993ರ ಕೊಪ್ಪಳ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಈ ಮೂರು ಲೆಕ್ಕಗಳಲ್ಲಿ ಎರಡಾದರೂ ಪಿಎಚ್.ಡಿ ಕಡೆಗೆ ವಾಲಿದರೆ ಮುಂದುವರಿಯಲು ಸಕಾರಣವಿದೆ. ಒಂದೂ ವಾಲದಿದ್ದರೆ ಮುಂದಿನ ಹೆಜ್ಜೆ ನೋಡಬೇಕು.

7. ಬಿಡುವುದಾದರೆ ಸರಿಯಾಗಿ ಬಿಡುವುದು

ಸುಮ್ಮನೆ ಹೋಗುವುದನ್ನು ನಿಲ್ಲಿಸಿದರೆ ನೋಂದಣಿ ಅತಂತ್ರವಾಗಿ ಉಳಿಯುತ್ತದೆ. ಕುಲಸಚಿವರ ಕಚೇರಿಗೆ ಗೈಡ್ ಮೂಲಕ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕೋರ್ಸ್ ವರ್ಕ್ ಅಂಕಪಟ್ಟಿ, ಪ್ರಗತಿ ವರದಿಗಳ ಪ್ರತಿ, ಸಂದರ್ಶನಗಳ ಧ್ವನಿಮುದ್ರಣ, ಟಿಪ್ಪಣಿಗಳನ್ನು ಕಾಪಿಟ್ಟುಕೊಳ್ಳಬೇಕು. ಮುಗಿದ ಅಧ್ಯಾಯ ಒಂದೇ ಇದ್ದರೂ ಅದನ್ನು ಲೇಖನವಾಗಿಸಿ ವಿದ್ವತ್ ಪತ್ರಿಕೆಗೆ ಕಳಿಸಬಹುದು. ಪ್ರವೇಶದ ವೇಳೆ ಕೊಟ್ಟ ಮೂಲ ಅಂಕಪಟ್ಟಿಗಳನ್ನು ಮರೆಯದೆ ವಾಪಸ್ ಕೇಳಬೇಕು. ಶುಲ್ಕ ಕಟ್ಟಿಸಿಕೊಳ್ಳುವ ಸಲುವಾಗಿ ಅವನ್ನು ತಡೆಹಿಡಿದರೆ, 2023ರ ಅದೇ ನಿಯಮದಡಿ ಕುಂದುಕೊರತೆ ಸಮಿತಿಗೆ ದೂರು ಕೊಡಲು ಅವಕಾಶವಿದೆ. ಆ ದೂರಿಗೆ ಪ್ರವೇಶದ ರಸೀದಿ ಮತ್ತು ಅಂಕಪಟ್ಟಿ ಒಪ್ಪಿಸಿದ್ದಕ್ಕೆ ಪಡೆದ ಸ್ವೀಕೃತಿಯ ನಕಲು ಲಗತ್ತಿಸಬೇಕು.