ಹಾಡು ನಿಂತ ಮೇಲೂ ‘ಸ್ಸ್’ ಎನ್ನುವ ಸ್ಪೀಕರ್

ಸ್ಪೀಕರ್ ಕೆಟ್ಟಿರುವ ಸಾಧ್ಯತೆ ಕಡಿಮೆ, ಗಾಬರಿ ಬೇಡ. ಆಕ್ಟಿವ್ ಸ್ಪೀಕರ್‌ನ ಪೆಟ್ಟಿಗೆಯೊಳಗೇ ಆಂಪ್ಲಿಫೈಯರ್ ಇರುತ್ತದೆ. ಅದರ ರೆಸಿಸ್ಟರ್‌ಗಳಲ್ಲಿ ಎಲೆಕ್ಟ್ರಾನ್‌ಗಳು ಶಾಖದಿಂದಾಗಿ ಅಡ್ಡಾದಿಡ್ಡಿ ಓಡಾಡುತ್ತಲೇ ಇರುತ್ತವೆ. ಆ ಅತಿ ಸಣ್ಣ ಗದ್ದಲ ದೊಡ್ಡದಾಗಿ, ಕೀರಲು ದನಿ ಹೊರಡಿಸುವ ಟ್ವೀಟರ್‌ನಿಂದ ಹೊರಬರುತ್ತದೆ. ಹಾಗಾಗಿ ಪೂರ್ತಿ ನಿಶ್ಶಬ್ದವಾದ ಸ್ಪೀಕರ್ ಎಲ್ಲೂ ಇಲ್ಲ.

ಸ್ಪೀಕರ್ ಆಫ್ ಮಾಡಿ, ಸಿಗ್ನಲ್ ಕೇಬಲ್ ಕಿತ್ತು, ಮತ್ತೆ ಆನ್ ಮಾಡಿ ಕೇಳಿ. ಸದ್ದು ಹಾಗೇ ಇದ್ದರೆ ಅದು ಸ್ಪೀಕರ್‌ನದೇ. ಇಲ್ಲವಾದರೆ ಕಂಪ್ಯೂಟರ್‌ನಿಂದಲೋ ಕೇಬಲ್‌ನಿಂದಲೋ ಬರುತ್ತಿದೆ.

ಕಂಪ್ಯೂಟರ್ ವಾಲ್ಯೂಮ್ ತೀರಾ ತಗ್ಗಿಸಿ, ಸ್ಪೀಕರ್ ಹಿಂಬದಿಯ ಗೇನ್ ಗುಂಡಿಯನ್ನು ಪೂರ್ತಿ ತಿರುಗಿಸಿಡುವವರೇ ಹೆಚ್ಚು. ನೀವು ಇದನ್ನು ತಿರುವುಮುರುವು ಮಾಡಿ: ದನಿ ಒಡೆಯದಷ್ಟು ಕಂಪ್ಯೂಟರ್ ವಾಲ್ಯೂಮ್ ಏರಿಸಿ, ಗೇನ್ ಇಳಿಸಿ. ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಗೇನ್ ಸೊನ್ನೆಗಿಳಿಸಿದರೂ ಸದ್ದು ಬದಲಾಗದಿದ್ದರೆ ಅದು ಗೇನ್ ದಾಟಿದ ನಂತರದ ಹಂತದಲ್ಲಿ ಹುಟ್ಟುತ್ತಿದೆ. ಆಗ ಸ್ಪೀಕರನ್ನು ದೂರವಿಡುವುದೇ ದಾರಿ. ದೂರ ಇಮ್ಮಡಿಯಾದರೆ, ತೆರೆದ ಜಾಗದಲ್ಲಿ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯಲ್ಲಿ ಈ ಇಳಿಕೆ ತುಸು ಕಡಿಮೆ.

‘ಗುಂಯ್’ ಎಂಬ ತಗ್ಗು ಸದ್ದು ಬೇರೆಯೇ ತೊಂದರೆ. ಅದು 50 ಹರ್ಟ್ಸ್‌ನ ಮನೆ ಕರೆಂಟಿನಿಂದ ಬರುವಂಥದ್ದು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಎರಡೂ ಕಡೆ ಸೌಲಭ್ಯವಿದ್ದರೆ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಆದರೆ ಯಾರು ಏನೇ ಹೇಳಲಿ, ಪ್ಲಗ್ಗಿನ ಅರ್ಥಿಂಗ್ ಪಿನ್ ಮಾತ್ರ ತೆಗೆಯಬೇಡಿ. ಶಾಕ್ ಹೊಡೆದು ಜೀವಕ್ಕೇ ಅಪಾಯವಾದೀತು.