ಬಿಪಿ ನೋಡಿಸಿದರೆ ಸಾಲದು, ಮೂತ್ರವನ್ನೂ ನೋಡಿಸಿ

ಮಕ್ಕಳೇ, ಬಿಪಿ ಇದೆ ಎಂದು ಡಾಕ್ಟರು ಹೇಳಿದರೆ ನಮ್ಮೂರವರ ಬಾಯಿಗೆ ಬರುವ ಮೊದಲ ಮಾತು, ‘ನಂಗೆಂತ ಆಯ್ತ್ ಮಾರಾಯ, ಗಟ್ಟಿ ಇದ್ದೆ.’ ಗಂಗೊಳ್ಳಿಯಿಂದ ಬೋಟಿಗೆ ಹೋಗುವವರೂ ಹೀಗೆಯೇ ಹೇಳುತ್ತಾರೆ, ಬೆಂಗಳೂರಿನಲ್ಲಿ ಹೋಟೆಲು ನಡೆಸುವವರೂ ಹೀಗೆಯೇ ಹೇಳುತ್ತಾರೆ. ಆ ಮಾತನ್ನು ನಂಬಿ ಕೂರಬೇಡಿ. ಬಿಪಿ ನೋವು ಕೊಟ್ಟು ಬರುವ ಕಾಯಿಲೆಯಲ್ಲ. ಅದು ಒಳಗೆ ಎಷ್ಟು ಕೆಡಿಸಿದೆ ಎಂಬುದನ್ನು ಎಷ್ಟೋ ಸಲ ಮೊದಲು ತಿಳಿಸುವುದು ಮೂತ್ರ.

ನಮ್ಮ ದೊಡ್ಡ ರಕ್ತನಾಳಗಳಿಗೆ ಹಿಗ್ಗುವ ಗುಣವಿದೆ. ಹೃದಯ ರಕ್ತ ದೂಡಿದಾಗ ಅವು ಹಿಗ್ಗಿ ಪೆಟ್ಟನ್ನು ತಾಳಿಕೊಳ್ಳುತ್ತವೆ, ಆಮೇಲೆ ಕುಗ್ಗಿ ರಕ್ತವನ್ನು ಸಮವಾಗಿ ಮುಂದೆ ಕಳಿಸುತ್ತವೆ. ವರ್ಷಗಟ್ಟಲೆ ಒತ್ತಡ ಹೆಚ್ಚಿದ್ದರೆ, ಬಿಸಿಲಿಗೆ ಬಿದ್ದ ತೋಟದ ಪೈಪಿನಂತೆ ಬಿರುಸಾಗುತ್ತವೆ. ಆಗ ಹೃದಯದ ಹೊಡೆತ ತಗ್ಗದೆ ಮಿದುಳಿನ, ಕಿಡ್ನಿಯ ಸಪೂರ ನಾಳಗಳಿಗೆ ಬಡಿಯುತ್ತದೆ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಸೋಸುವ ನಾಳಗಳು ಪೆಟ್ಟು ತಿಂದರೆ, ರಕ್ತದಲ್ಲೇ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಹಾಗಾಗಿ ಬಿಪಿ ಇದ್ದು ಮೂತ್ರದಲ್ಲಿ ಆಲ್ಬುಮಿನ್ ಹೆಚ್ಚಿದವರ ರಕ್ತನಾಳಗಳೂ ಬಿರುಸಾಗಿರುವ ಸಂಭವ ಹೆಚ್ಚು. ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚು.

ಲಂಡನ್ನಿನ ಡಾ. ರಿಚರ್ಡ್ ಬ್ರೈಟ್ ರೋಗಿಯ ಮೂತ್ರವನ್ನು ಕಾಯಿಸಿ, ಅದು ಗಟ್ಟಿಯಾದರೆ ಕಿಡ್ನಿ ಕೆಟ್ಟಿದೆ ಎಂದು ತಿಳಿಯುವುದನ್ನು 1827ರಲ್ಲೇ ಬರೆದಿಟ್ಟರು. ಈಗ ಅಷ್ಟು ಸೋರುವ ತನಕ ಕಾಯಬೇಕಾಗಿಲ್ಲ. ಲ್ಯಾಬಿನಲ್ಲಿ ‘ಯೂರಿನ್ ಎಸಿಆರ್’ ಎಂದು ಕೇಳಿ. ಮಾಮೂಲಿ ಮೂತ್ರ ಪರೀಕ್ಷೆಗೆ ಸಿಗದ ಸಣ್ಣ ಸೋರಿಕೆಯೂ ಇದರಲ್ಲಿ ಸಿಗುತ್ತದೆ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಮೂತ್ರದಲ್ಲಿರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಒಂದು ಗ್ರಾಂಗೆ ಆಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರೊಳಗಿದ್ದರೆ ಎಚ್ಚರವಾಗಬೇಕು, 300 ದಾಟಿದರೆ ತಡಮಾಡಬಾರದು. ಜ್ವರ, ಮೂತ್ರದ ಸೋಂಕು, ಮೈಮುರಿಯುವ ಕೆಲಸದಿಂದಲೂ ಅದು ಏರಬಹುದು. ಆದ್ದರಿಂದ ಒಂದೇ ರಿಪೋರ್ಟಿಗೆ ಹೆದರದೆ ಮೂರು ತಿಂಗಳೊಳಗೆ ಮತ್ತೆ ಮಾಡಿಸಿ.

ನಾಳದ ಬಿರುಸು ಅಳೆಯುವ ಯಂತ್ರ ಹಳ್ಳಿಯಲ್ಲಿ ಸಿಗುವುದು ಕಷ್ಟ. ಆದರೆ ಬಿಪಿ ಚೀಟಿಯಲ್ಲೇ ಒಂದು ಸುಳಿವಿದೆ. ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆಯಿರಿ. ಹಿರಿಯರಲ್ಲಿ ಆ ಅಂತರ ಮತ್ತೆ ಮತ್ತೆ 60 ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಿ ಕೇಳಿ.

ಇನ್ನು ಮನೆಯ ಮಾತು. ಒಣಮೀನು, ಉಪ್ಪುನೀರಿನ ಮಾವಿನಕಾಯಿ, ಹಪ್ಪಳ, ಗಂಜಿಗೆ ಉಪ್ಪಿನಕಾಯಿ ನಮ್ಮ ನಾಲಗೆಗೆ ಅಂಟಿದ ರುಚಿಗಳು. ಪೂರಾ ಬಿಡಿ ಎನ್ನುವುದಿಲ್ಲ, ದಿನಾ ಬೇಡ. ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಸಣ್ಣ ಚಮಚ. ಬೀಡಿ, ಸಿಗರೇಟು ಬಿಡಿ. ಸೊಂಟ ನೋವಿಗೆ ಮೆಡಿಕಲ್ಲಿನಿಂದ ನೀವೇ ಮಾತ್ರೆ ತಂದು ತಿನ್ನಬೇಡಿ, ಅಂಥ ನೋವಿನ ಮಾತ್ರೆಗಳಲ್ಲಿ ಹಲವು ಕಿಡ್ನಿಗೆ ಕೇಡು. ಬಿಪಿ ಇಳಿಯಿತೆಂದು ಬಿಪಿ ಮಾತ್ರೆ ನಿಲ್ಲಿಸಬೇಡಿ; ಇಳಿದದ್ದು ಅದರಿಂದಲೇ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆಗಳು ಒತ್ತಡದ ಜೊತೆಗೆ ಆಲ್ಬುಮಿನ್ ಸೋರಿಕೆಯನ್ನೂ ತಗ್ಗಿಸುತ್ತವೆ. ಯಾರಿಗೆ ಯಾವುದು ಎಂದು ಡಾಕ್ಟರೇ ಹೇಳಬೇಕು. ಬಸುರಿಯರಿಗೆ ಇವು ಸಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸರಕಾರಿ ಆಸ್ಪತ್ರೆಗಳಿಗೆ ಬಿಪಿಗೆಂದು ಹೋಗುವವರು ಯೂರಿನ್ ಎಸಿಆರ್ ಪರೀಕ್ಷೆಯನ್ನೂ ಕೇಳಲಿ. ದೂರದೂರಿನಿಂದ ಫೋನು ಮಾಡುವ ನೀವು ‘ಊಟ ಆಯ್ತಾ’ ಎಂದು ಕೇಳುವಾಗ ‘ಮೂತ್ರ ಪರೀಕ್ಷೆ ಆಯ್ತಾ’ ಎಂದೂ ಕೇಳಿ. ಅಪ್ಪಯ್ಯನಿಗೋ ಅಮ್ಮನಿಗೋ ಬಿಪಿ ಇದ್ದರೆ ನಿಮಗೂ ಬರುವ ಸಂಭವ ಹೆಚ್ಚು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಬಿಪಿ ಇದೆ ಎಂದಾದರೆ ಅದರ ಜೊತೆಗೆ ಮೂತ್ರವನ್ನೂ ವರ್ಷಕ್ಕೊಮ್ಮೆ ನೋಡಿಸಿ. ಸೋರಿಕೆ ಸಣ್ಣದಿರುವಾಗಲೇ ತಡೆಯುವುದು ಸುಲಭ. ಕಿಡ್ನಿ ಪೂರಾ ಸೋತ ಮೇಲೆ ಡಯಾಲಿಸಿಸ್ ಇಲ್ಲವೇ ಬೇರೆ ಕಿಡ್ನಿ, ಇವೆರಡೇ ಉಳಿಯುವುದು.