ಹೊಸ ಗಾಡಿ ಕೊಳ್ಳುವ ಮುನ್ನ

ಕರೆಂಟಿನ ಗಾಡಿ ನಮಗೆ ತೀರಾ ಹೊಸತೇನಲ್ಲ. ಬೆಂಗಳೂರಿನ ರೇವಾ ಕಾರು ರಸ್ತೆಗಿಳಿದದ್ದು 2001ರಲ್ಲೇ. ಇಂಥ ವಾಹನಗಳಿಗೆಂದೇ ರಾಜ್ಯ ಸರ್ಕಾರ 2017ರಲ್ಲಿ ನೀತಿ ತಂದಿತು. 2024ರಲ್ಲಿ ಬಜಾಜ್‌ನವರ ಸಿಎನ್‌ಜಿ ಬೈಕೂ ಬಂತು. ಪೆಟ್ರೋಲಿಗೆ ಈಗ ಶೇ 20ರವರೆಗೆ ಎಥೆನಾಲ್ ಬೆರೆತೇ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯವರು ಮಾತ್ರ ಶೋರೂಮಿನ ಲೆಕ್ಕ ಬಿಟ್ಟು ಮನೆಯ ಲೆಕ್ಕ ಹಾಕಬೇಕು.

ದಿನಾ ಪೇಟೆಗೆ ಹೋಗಿಬರಲು ಎಲೆಕ್ಟ್ರಿಕ್ ಸ್ಕೂಟರ್ ಸಾಕು. ಆದರೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬಂದೀತೋ ಹೇಳಲಾಗದು. ಮೋಡ ಕವಿದಾಗಲೇ ಚಾರ್ಜ್ ಮಾಡಿಟ್ಟುಕೊಳ್ಳಿ. ಮನೆಯ ಅರ್ತಿಂಗ್ ಸರಿಯಿದೆಯೇ ಎಂದು ಮೊದಲೇ ನೋಡಿಸಿ. ಆಗುಂಬೆ, ಹುಲಿಕಲ್ ಘಾಟಿ ಇಳಿಯುವಾಗ ಎಷ್ಟೋ ಗಾಡಿಗಳ ಬ್ಯಾಟರಿಗೆ ಒಂದಿಷ್ಟು ಚಾರ್ಜ್ ವಾಪಸ್ ಬರುತ್ತದೆ. ಹತ್ತುವಾಗ ಅದಕ್ಕಿಂತ ಹೆಚ್ಚೇ ಕರಗುತ್ತದೆ. ಕಂಪನಿ ಹೇಳುವ ಕಿಲೋಮೀಟರ್ ನಂಬಿ ಹೊರಡಬೇಡಿ.

ಸಿಎನ್‌ಜಿ ಮೇಲೆ ಮನಸ್ಸಿದ್ದರೆ, ನೀವು ಓಡಾಡುವ ದಾರಿಯಲ್ಲಿ ಗ್ಯಾಸ್ ತುಂಬಿಸುವ ಬಂಕ್ ಎಲ್ಲಿದೆ ಎಂದು ತಿಳಿದುಕೊಂಡೇ ಮುಂದಡಿಯಿಡಿ.

ಪೆಟ್ರೋಲೇ ಸಾಕು ಎನ್ನುವವರಿಗೂ ಒಂದು ಮಾತು. ಎಥೆನಾಲ್ ನೀರಿನ ಪಸೆ ಹೀರುತ್ತದೆ. ತೋಟದ ಕಳೆ ಕೊಚ್ಚುವ ಯಂತ್ರವನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಇಂಜಿನ್ ಓಡಿಸಿ. ಹಳೇ ಬೈಕಿನ ರಬ್ಬರ್ ಪೈಪು, ವಾಷರುಗಳನ್ನು ಮೆಕ್ಯಾನಿಕ್‌ಗೆ ತೋರಿಸಿ.

ಯಾವ ಗಾಡಿಯೇ ಆಗಲಿ, ಮುಂಗಡ ಕೊಡುವ ಮೊದಲು ಸರ್ವಿಸ್ ಎಲ್ಲಿ ಮಾಡುತ್ತಾರೆ ಕೇಳಿ. ಕೆಟ್ಟಾಗಲೆಲ್ಲ ಶಿವಮೊಗ್ಗಕ್ಕೆ ಹೊತ್ತೊಯ್ಯಬೇಕಾದರೆ, ಇಂಧನದಲ್ಲಿ ಉಳಿಸಿದ್ದು ಸಾಗಾಟಕ್ಕೇ ಸರಿಹೋಗುತ್ತದೆ.